ನನ್ನ ಸುಳ್ಳು ಉಪವಾಸಗಳು

ಇಲ್ಲಿಯವರು ಊಟವನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಶಾಗ್ಯಕ್ಕೆ ಬಂದ ಮೊದಲ ಮಧ್ಯಾಹ್ನ ನನಗದು ಗೊತ್ತಿರಲಿಲ್ಲ. ಬಾಡಿಗೆಗೆ ಇಳಿದ ಮನೆಯಲ್ಲಿ ಎಲೆಯ ಮೇಲೆ ದೊಡ್ಡದೊಂದು ರಾಗಿಮುದ್ದೆ ಹಬೆಯಾಡುತ್ತ ಬಂದು ಕುಳಿತಿತು. ನಾನೋ ಜೋಳದ ರೊಟ್ಟಿ ತಿಂದು ಬೆಳೆದವಳು. ಒಂದು ಚೂರು ಮುರಿದು ಬಾಯಿಗಿಟ್ಟು ನಿಷ್ಠೆಯಿಂದ ಅಗಿಯತೊಡಗಿದೆ. ಅದು ಹಲ್ಲಿಗೆ ಅಂಟಿತು, ಅಂಗುಳಿಗೆ ಅಂಟಿತು, ಒಳಗೆ ಮಾತ್ರ ಹೋಗಲೊಲ್ಲದು. ಮನೆಯ ಮಕ್ಕಳೆಲ್ಲ ತಮ್ಮ ಊಟ ಬಿಟ್ಟು ನನ್ನ ದವಡೆಯನ್ನೇ ನೋಡುತ್ತ ಕುಳಿತವು. ಕೊನೆಗೆ ಮನೆಯೊಡತಿ, ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಿಬಿಡಬೇಕು ಎಂದು ಹೇಳಿಕೊಟ್ಟರು. ಇಪ್ಪತ್ತಮೂರು ವರ್ಷದ ನಾನು ಊಟ ಮಾಡುವುದನ್ನು ಮತ್ತೆ ಒಂದನೆಯ ಇಯತ್ತೆಯಿಂದ ಕಲಿಯಬೇಕಾಯಿತು.

ಗದಗಿನ ಕಡೆಯ ನಮ್ಮವರು ಈಗಲೂ ನನ್ನನ್ನು ಕೇಳುತ್ತಾರೆ, ಅಷ್ಟು ದೂರದ ಕೊಳ್ಳೇಗಾಲದ ಸೀಮೆಗೆ ಏಕೆ ಹೋದೆ ಎಂದು. ನೌಕರಿ ಸಿಕ್ಕಿತು, ಹೋದೆ. ತಂದೆ ತೀರಿಕೊಂಡಿದ್ದರು, ತಾಯಿಗೆ ನಾನೊಬ್ಬಳೇ. ಕನ್ನಡನಾಡು ಒಂದಾಗಿ ನಾಲ್ಕೈದು ವರ್ಷವಾಗಿತ್ತು. ಅದುವರೆಗೆ ಮದ್ರಾಸಿಗೆ ಸೇರಿದ್ದ ಈ ಸೀಮೆಯ ಹಳ್ಳಿಗಳಿಗೆ ಕನ್ನಡ ಕಲಿಸುವವರು ಬೇಕಾಗಿದ್ದರು. ಹುಬ್ಬಳ್ಳಿಯಿಂದ ರೈಲು, ಮೈಸೂರಿನಿಂದ ಬಸ್ಸು, ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಮತ್ತೊಂದು ಬಸ್ಸು. ಶಾಗ್ಯದಲ್ಲಿ ಕರ್ಣಂ ಅವರ ಮನೆಯ ಹಿಂಭಾಗದ ಕೋಣೆ ಬಾಡಿಗೆಗೆ ಸಿಕ್ಕಿತು. ನಮ್ಮಲ್ಲಿ ಕುಲಕರ್ಣಿ ಎನ್ನುವವರನ್ನು ಇಲ್ಲಿ ಮದ್ರಾಸಿನ ರೂಢಿಯಂತೆ ಕರ್ಣಂ ಎನ್ನುತ್ತಾರೆ. ಹಾಲು ಇಲ್ಲಿ ‘ಆಲು’, ಹೊಟ್ಟೆ ‘ಒಟ್ಟೆ’. ನಾನು ‘ಹೌದ್ರಿ’ ಎಂದರೆ ಇಡೀ ತರಗತಿ ‘ಹೌದ್ರಿ’ ಎಂದು ಹಿಂದೆಯೇ ಹಾಡುತ್ತಿತ್ತು.

ನನ್ನನ್ನು ನೇಮಿಸಿದ್ದೇ ಹೆಣ್ಣುಮಕ್ಕಳಿಗಾಗಿ. ಮೇಷ್ಟ್ರು ಗಂಡಸಾದರೆ ಹುಡುಗಿಯರನ್ನು ಕಳಿಸುವುದಿಲ್ಲ ಎಂದವರ ಮನೆಗಳಿಗೆ ಅಲೆದು, ಕಾಡಿ ಬೇಡಿ, ಒಂಬತ್ತು ಹುಡುಗಿಯರನ್ನು ತಂದು ಕೂರಿಸಿದೆ. ಅವರಲ್ಲಿ ಐವರು ಕೆಳಬೀದಿಯವರು. ಅಪ್ಪ ಅವ್ವ ಇಬ್ಬರೂ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುವ ಮನೆಗಳು ಅವು. ಆ ಬೀದಿಯಲ್ಲಿ ಒಂದು ರೂಢಿಯಿತ್ತು: ಮಗು ತನ್ನ ಹೆಸರನ್ನು ತಾನೇ ಸ್ಲೇಟಿನ ಮೇಲೆ ಬರೆಯಲು ಕಲಿತ ಮೇಲೆ, ಕಲಿಸಿದವರನ್ನು ಮನೆಗೆ ಕರೆದು ಒಂದು ಹೊತ್ತು ಊಟ ಹಾಕುವುದು. ಉಂಡರೆ ಮೇಷ್ಟ್ರು ಮಗುವನ್ನು ತನ್ನದೆಂದು ಒಪ್ಪಿಕೊಂಡ ಹಾಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ, ನನ್ನೊಬ್ಬಳ ಹೊರತು.

ಹುಡುಗಿಯರು ಹೆಸರು ಬರೆಯುವ ಹಂತಕ್ಕೆ ಬರುವುದಕ್ಕೂ ನನ್ನ ಕಣ್ಣು ಹಳದಿಯಾಗುವುದಕ್ಕೂ ಸರಿಹೋಯಿತು. ನಮ್ಮಲ್ಲಿ ಕಾಮಣಿ ಎನ್ನುವ ಕಾಮಾಲೆ. ಆರು ವಾರ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಪಕ್ಕದ ಮನೆಯ ತಮಿಳು ಅಜ್ಜಿ ‘ಕೀಳಾನೆಲ್ಲಿ’ ಎಂದು ಒಂದು ಸೊಪ್ಪು ಅರೆದು ಕುಡಿಸುತ್ತಿದ್ದಳು. ನೋಡಿದರೆ ನಮ್ಮ ನೆಲನೆಲ್ಲಿಯೇ ಅದು. ಕೊಳ್ಳೇಗಾಲದ ಡಾಕ್ಟರು ಎಣ್ಣೆ, ತುಪ್ಪ, ಒಗ್ಗರಣೆ ಏನೂ ಕೂಡದು, ಗಂಜಿ ಮಜ್ಜಿಗೆಯಲ್ಲೇ ಇರಿ ಎಂದರು. ಹಳದಿ ಇಳಿಯಿತು. ಆದರೆ ಹೊಟ್ಟೆ ಮಾತ್ರ ಮೊದಲಿನ ಹೊಟ್ಟೆಯಾಗಲಿಲ್ಲ. ಕಾದ ಎಣ್ಣೆಯ ವಾಸನೆ ಬಂದರೆ ವಾಕರಿಕೆ. ಉಂಡರೆ ಉಬ್ಬರ. ಉಂಡು ಅರ್ಧ ಗಂಟೆಯೊಳಗೆ ಓಡಬೇಕು. ಹೀಗೆಯೇ ತಿಂಗಳುಗಳಾದವು. ಡಾಕ್ಟರನ್ನು ಕೇಳಿದರೆ, ಕಾಯಿಲೆ ಹೋಗಿದೆ, ಹೊಟ್ಟೆಗೆ ಸಮಯ ಕೊಡಿ ಎನ್ನುತ್ತಿದ್ದರು.

ಸಮಯ ಕೊಡಬಹುದಿತ್ತು, ಆದರೆ ಶಾಲೆಯಲ್ಲಿ ಕಕ್ಕಸು ಇರಲಿಲ್ಲ. ಹಿಂದೆ ಲಂಟಾನ ಪೊದೆಗಳಿದ್ದವು. ನಾನೊಂದು ಉಪಾಯ ಕಂಡುಕೊಂಡೆ. ಹೊಟ್ಟೆ ಸದ್ದು ಮಾಡಿದೊಡನೆ ಎಲ್ಲರೂ ಗಟ್ಟಿಯಾಗಿ ಮಗ್ಗಿ ಹೇಳಿ ಎಂದು ಆಜ್ಞೆ ಮಾಡಿ ಹೊರಗೆ ನಡೆಯುತ್ತಿದ್ದೆ. ಎರಡರ ಮಗ್ಗಿಗೆ ಶುರುವಾದರೆ ಹನ್ನೆರಡರ ಮಗ್ಗಿ ಮುಗಿಯುವುದರೊಳಗೆ ಗಂಭೀರವಾಗಿ ಬಂದು ಕುರ್ಚಿಯಲ್ಲಿ ಕೂರುತ್ತಿದ್ದೆ. ಆ ವರ್ಷ ನಮ್ಮ ಶಾಲೆಯ ಮಕ್ಕಳಷ್ಟು ಚೆನ್ನಾಗಿ ಮಗ್ಗಿ ಹೇಳುವವರು ಸುತ್ತಮುತ್ತ ಇರಲಿಲ್ಲ. ತಪಾಸಣೆಗೆ ಬಂದ ಸಾಹೇಬರು ಹೊಗಳಿ ಬರೆದುಹೋದರು.

ಊಟದ ಕರೆಗಳು ಬರತೊಡಗಿದ್ದು ಆಗಲೇ. ಹೊಟ್ಟೆ ಕೆಟ್ಟಿದೆ, ಉಂಡರೆ ನಿಲ್ಲುವುದಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಮದುವೆಯಾಗದ ಹೆಣ್ಣು, ಹೊಸ ಊರು, ಟೀಚರು ಎಂಬ ಜಂಬ ಬೇರೆ. ಹೇಗೆ ಹೇಳಲಿ? ಇವತ್ತು ಸೋಮವಾರ, ಉಪವಾಸ ಎಂದೆ. ಇನ್ನೊಬ್ಬರು ಗುರುವಾರ ಬಂದರು. ಗುರುವಾರವೂ ಉಪವಾಸ. ಶನಿವಾರ ಹನುಮಪ್ಪನದು. ಏಕಾದಶಿ, ಸಂಕಷ್ಟಿ, ಹುಣ್ಣಿಮೆ, ಹೀಗೆ ಪಂಚಾಂಗದಲ್ಲಿದ್ದ ದೇವರುಗಳೆಲ್ಲ ನನ್ನ ಹೊಟ್ಟೆಯ ಕಾವಲಿಗೆ ನಿಂತರು. ನಮ್ಮ ಮಾದಪ್ಪನೂ ಇಷ್ಟು ಉಪವಾಸ ಕೇಳುವುದಿಲ್ಲವಲ್ಲ ಎಂದು ಒಬ್ಬಾಕೆ ಅಂದಳಂತೆ. ನಾನು ಅದನ್ನು ತಮಾಷೆ ಎಂದುಕೊಂಡೆ.

ಆದರೆ ಹಳ್ಳಿಯಲ್ಲಿ ಯಾರ ಗಂಟಲಲ್ಲಿ ಏನು ಇಳಿಯಿತು ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ಮಧ್ಯಾಹ್ನ ಕರ್ಣಂ ಅವರ ಮನೆಯ ಜಗಲಿಯಲ್ಲಿ ಕೂತು ನಾನು ಗಂಜಿ ಮಜ್ಜಿಗೆ ಕುಡಿಯುವುದನ್ನು ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ಕೆಳಬೀದಿಯ ಮಾದೇವಿ ಮೊದಲು ಬಿಟ್ಟಳು. ಆಮೇಲೆ ಪುಟ್ಟಿ. ಒಂದು ತಿಂಗಳಲ್ಲಿ ಐವರೂ ಬಿಟ್ಟರು. ಕಳೆ ಕೀಳುವ ಕಾಲ, ಬರುತ್ತಾರೆ ಬಿಡಿ ಎಂದರು ಹೆಡ್‌ಮಾಸ್ತರರು. ಕಳೆ ಮುಗಿಯಿತು, ಅವರು ಬರಲಿಲ್ಲ. ಹುಡುಗಿಯರು ನಾಲ್ವರೇ ಉಳಿದರೆ ನನ್ನ ಜಾಗವನ್ನು ಬೇರೆ ಊರಿಗೆ ವರ್ಗ ಮಾಡುತ್ತಾರೆಂಬ ಮಾತೂ ಕಿವಿಗೆ ಬಿತ್ತು. ನನಗೆ ಜಾಗದ ಚಿಂತೆಗಿಂತ ಆ ಐದು ಸ್ಲೇಟುಗಳ ಚಿಂತೆ ಹತ್ತಿತು. ಹೆಸರು ಬರೆಯಲು ಕಲಿತು ಅಲ್ಲಿಗೇ ನಿಂತರೆ ಅದೇನು ಓದು?

ಒಂದು ಭಾನುವಾರ ಮಾದೇವಿಯ ಮನೆಗೆ ಹೋದೆ. ಅವಳ ಅಜ್ಜಿ ಕೆಂಪಮ್ಮ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ಕೂರಲು ಮಣೆ ಹಾಕಿದಳು, ಮೊರ ಮಾತ್ರ ಕೆಳಗಿಡಲಿಲ್ಲ. ಹುಡುಗಿಯನ್ನು ಏಕೆ ಕಳಿಸುತ್ತಿಲ್ಲ ಎಂದು ಕೇಳಿದೆ.

“ಕರ್ಣಂ ಅಯ್ನೋರ ಮನೆ ಮಜ್ಗೆ ನಿಮ್ಗೆ ಇಳೀತದೆ ಟೀಚ್ರಮ್ಮ. ನಮ್ಮನೇಲಿ ಕರ‍್ದ್ರೆ ಉಪಾಸ. ಒಪ್ದೇ ಇರೋ ಕೂಸ್ಗೆ ಎಂಗ್ ಕಲಿಸ್ತೀರಿ?”

ಮೊರ ಆಡುತ್ತಲೇ ಇತ್ತು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ನನ್ನ ಕಿವಿ ಬಿಸಿಯಾಯಿತು. ಎದ್ದು ಬಂದುಬಿಡಬಹುದಿತ್ತು. ಏಳಲಿಲ್ಲ. ಕಾಮಾಲೆಯಿಂದ ಹಿಡಿದು ಲಂಟಾನ ಪೊದೆಯವರೆಗೆ, ಮಗ್ಗಿಯ ಉಪಾಯವನ್ನೂ ಬಿಡದೆ, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಎಣ್ಣೆ ಒಗ್ಗರಣೆ ಮುಟ್ಟಿದರೆ ಸಾಯುತ್ತೇನೆ, ಅದಕ್ಕೇ ಸುಳ್ಳು ಹೇಳಿದೆ ಎಂದೆ. ಕೆಂಪಮ್ಮ ಮೊರ ಕೆಳಗಿಟ್ಟಳು.

“ನಿನ್ ನಾಚ್ಕೆ ಉಳಿಸ್ಕಂಡೆ ಕನವ್ವ, ನಮ್ ಮಾನ ಓಯ್ತು,” ಎಂದಳು. ಬಹುವಚನ ಹೋಗಿತ್ತು. ಆಮೇಲೆ ಒಳಗಿನ ಒಲೆಯ ಕಡೆ ಕೈ ತೋರಿಸಿ, “ಎಣ್ಣೆ ಅಂತೀಯಲ್ಲ, ಈ ಬೀದೀಲಿ ಯಾವ್ ಮನೇಲದೆ ಎಣ್ಣೆ? ಒಂದ್ ದಿನಾನಾದ್ರೂ ಏನ್ ಸಾರು ಅಂತ ಕೇಳಿದ್ಯಾ?”

ಕೇಳಿರಲಿಲ್ಲ. ಒಂದು ದಿನವೂ ಕೇಳಿರಲಿಲ್ಲ. ಆ ಬೀದಿಯವರು ದಿನವೂ ಉಣ್ಣುತ್ತಿದ್ದದ್ದು ಉಪ್ಸಾರು. ಕಾಳೋ ಸೊಪ್ಪೋ ಬೇಯಿಸಿದ ನೀರಿಗೆ ಉಪ್ಪು ಹಾಕಿದರೆ ಅದೇ ಸಾರು. ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಖಾರವನ್ನು ಬದಿಗಿಟ್ಟುಕೊಂಡು ಬೇಕಾದವರು ಕಲಸಿಕೊಳ್ಳುತ್ತಾರೆ. ಎಣ್ಣೆಯಿಲ್ಲ, ತುಪ್ಪವಿಲ್ಲ, ಒಗ್ಗರಣೆಯಿಲ್ಲ. ಡಾಕ್ಟರು ಹೇಳಿದ ಪಥ್ಯ ಊರಿನಲ್ಲಿ ಎಲ್ಲಾದರೂ ಅಡುಗೆಯಾಗುತ್ತಿದ್ದರೆ ಅದು ನಾನು ಊಟಕ್ಕೆ ಕಾಲಿಡದ ಆ ಮನೆಗಳಲ್ಲೇ.

ಅವತ್ತು ಅಲ್ಲಿಂದ ಬಂದು ಕೋಣೆಯಲ್ಲಿ ಕೂತು ನನ್ನನ್ನೇ ಕೇಳಿಕೊಂಡೆ. ಉಪವಾಸದ ಸುಳ್ಳು ಅಷ್ಟು ಸಲೀಸಾಗಿ ನನ್ನ ಬಾಯಿಗೆ ಬಂದದ್ದು ಹೇಗೆ? ಹುಗ್ಗಿ ಹೋಳಿಗೆಯ ಮನೆಯಲ್ಲಿ ಹುಟ್ಟಿದವಳು ನಾನು; ಊಟಕ್ಕೆ ಕರೆದರೆ ಎಣ್ಣೆ ಸುರಿದಿರುತ್ತಾರೆಂದು ತಿಳಿದದ್ದು ಒಂದು ತಪ್ಪು. ಅದಿಷ್ಟೇ ಆಗಿದ್ದರೆ ಚೆನ್ನಾಗಿತ್ತು. ಮಡಿ ಮೈಲಿಗೆಯ ನಡುವೆ ಬೆಳೆದವಳಿಗೆ ಕೆಲವು ಹೊಸ್ತಿಲುಗಳ ಮುಂದೆ ಕಾಲು ತಾನಾಗಿಯೇ ನಿಲ್ಲುತ್ತದೆ. ಕೆಟ್ಟ ಹೊಟ್ಟೆ ನನಗೊಂದು ಒಳ್ಳೆಯ ನೆಪವಾಗಿತ್ತು. ಅದರಲ್ಲಿ ಕಾಯಿಲೆಯ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಇವತ್ತಿಗೂ ಬಿಡಿಸಿ ಹೇಳಲಾರೆ.

ಒಂದನ್ನು ಮಾತ್ರ ನಿಶ್ಚಯ ಮಾಡಿಕೊಂಡೆ. ಐದು ಮನೆಯಲ್ಲೂ ಉಣ್ಣಬೇಕು, ಹೊಟ್ಟೆ ಏನು ಬೇಕಾದರೂ ಅನ್ನಲಿ. ಮರುದಿನವೇ ಕೆಂಪಮ್ಮನ ಮನೆಗೆ ಹೋದೆ. ಅವಳು ರಾಗಿಹಿಟ್ಟನ್ನು ಬಟ್ಟೆಯಲ್ಲಿ ಸೋಸಿ, ನೀರಾಗಿ ಗಂಜಿ ಕಾಯಿಸಿ, ಉಪ್ಪು ಹಾಕಿ ಕೊಟ್ಟಳು. ಒಂದು ಲೋಟಕ್ಕಿಂತ ಹೆಚ್ಚು ಕೊಡಲಿಲ್ಲ. ಮೂರು ದಿನ ಅದೇ. ನಾಲ್ಕನೆಯ ದಿನ ನಿಂಬೆಹಣ್ಣಿನಷ್ಟು ಮುದ್ದೆ, ಖಾರವಿಲ್ಲದ ಉಪ್ಸಾರು. ಅದು ನಿಂತಿತು. ಎರಡನೆಯ ಮನೆಯಲ್ಲಿ ಹುರುಳಿಕಟ್ಟು, ಅದು ನಿಲ್ಲಲಿಲ್ಲ. ಆ ದಿನ ಮಕ್ಕಳು ಇಪ್ಪತ್ತರ ಮಗ್ಗಿಯವರೆಗೆ ಹೋಗಬೇಕಾಯಿತು. ಆದರೂ ಮುಂದಿನ ವಾರ ಮೂರನೆಯ ಮನೆಗೆ ಹೋದೆ. ಅಷ್ಟರಲ್ಲಿ ನನ್ನ ಹೊಟ್ಟೆಯ ಸಮಾಚಾರ ಊರಿಗೇ ಗೊತ್ತಾಗಿತ್ತು. ಬಾವಿಯ ಹತ್ತಿರ ಹೆಂಗಸರು, “ಇವತ್ತು ಎಂಗದೆ ಒಟ್ಟೆ?” ಎಂದು ಕೇಳುವರು. ನಾನೂ ನಾಚಿಕೆ ಬಿಟ್ಟು ಉತ್ತರ ಹೇಳುವೆನು. ಜೀರಿಗೆ ಕುಡಿ, ದಾಳಿಂಬೆ ಸಿಪ್ಪೆ ಕಾಯಿಸು, ಹುರುಳಿ ಬಿಡು, ಹೆಸರುಕಾಳು ಹಿಡಿ ಎಂದು ದಿನಕ್ಕೊಂದು ಸಲಹೆ. ಪೂರ್ತಿ ಸುಧಾರಿಸಲು ಒಂದು ವರ್ಷವೇ ಹಿಡಿಯಿತು. ಮುದ್ದೆ ನುಂಗುವುದನ್ನು ಆ ವರ್ಷ ಸರಿಯಾಗಿ ಕಲಿತೆ.

ನಾಲ್ವರು ಹುಡುಗಿಯರು ತಿರುಗಿ ಬಂದರು. ಪುಟ್ಟಿ ಬರಲಿಲ್ಲ. ಶಾಲೆ ಬಿಟ್ಟ ಹುಡುಗಿ ಮನೆಯಲ್ಲಿ ಸುಮ್ಮನೆ ಏಕೆ ಇರಬೇಕೆಂದು ಅವಳನ್ನು ಕೊಳ್ಳೇಗಾಲಕ್ಕೆ, ರೇಷ್ಮೆ ಸೀರೆ ನೇಯುವವರ ಮನೆಗೆ ನೂಲು ಸುತ್ತಲು ಕಳಿಸಿಬಿಟ್ಟಿದ್ದರು. ಡಾಕ್ಟರಲ್ಲಿಗೆ ಹೋದಾಗ ಹುಡುಕಿಕೊಂಡು ಹೋದೆ. ಮಗ್ಗದ ಮನೆಯ ಮೂಲೆಯಲ್ಲಿ ರಾಟೆಯ ಮುಂದೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ನೂಲಿನ ಎಳೆ ಬೆರಳಲ್ಲೇ ಇತ್ತು.

“ನಮ್ಮನೇಲೂ ಉಂಡ್ರಂತೆ ಟೀಚ್ರಮ್ಮ, ಅವ್ವ ಏಳ್ತು,” ಎಂದಳು. ಮುಖದಲ್ಲಿ ಖುಷಿಯಿತ್ತು. ಅವಳನ್ನು ಬಿಡಿಸಿಕೊಂಡು ಬರಲು ನನಗೆ ಆಗಲಿಲ್ಲ. ಮನೆಯವರೂ ಒಪ್ಪಲಿಲ್ಲ. ಸರಿಯಾದ ಕಾಲಕ್ಕೆ ಒಂದು ನಿಜ ಹೇಳಿದ್ದರೆ ಅವಳು ಇವತ್ತು ಎಲ್ಲಿರುತ್ತಿದ್ದಳೋ. ಈ ದುಃಖ ನನ್ನನ್ನು ಬಿಟ್ಟಿಲ್ಲ.

ಆ ವರ್ಷದ ಬೇಸಿಗೆ ರಜೆಗೆ ಊರಿಗೆ ಹೋದೆ. ಹೊಟ್ಟೆ ಗಟ್ಟಿಯಾಗಿತ್ತು, ಕೆನ್ನೆ ತುಂಬಿತ್ತು. ಕೆಂಪಮ್ಮನ ಮನೆಯ ಗಂಜಿಯಿಂದ ಐದನೆಯ ಮನೆಯ ಮುದ್ದೆಯವರೆಗೆ ಎಲ್ಲವನ್ನೂ ಕಾಗದದಲ್ಲಿ ಅವ್ವನಿಗೆ ಬರೆದಿದ್ದೆ. ಸುಳ್ಳಿನಿಂದ ಪಾಠ ಕಲಿತವಳಲ್ಲವೇ, ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವ್ವ ನನ್ನನ್ನು ಕಂಡು ಅತ್ತಳು, ತಲೆ ಸವರಿದಳು. ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಆ ವಾಸನೆಗೆ ನನ್ನ ಕಣ್ಣಲ್ಲೂ ನೀರು ಬಂತು. ಅಡುಗೆಮನೆಯೊಳಗೆ ಹೋಗಿ ಅವಳ ಪಕ್ಕದಲ್ಲಿ ಕೂರಬೇಕೆಂದು ಎದ್ದೆ.

“ಅಲ್ಲೇ ಪಡಸಾಲ್ಯಾಗ ಕೂಡು. ಕಾಮಣಿ ಆದವರ ತಾಟು ಬ್ಯಾರೆ ಇರಬೇಕಂತ ಡಾಕ್ಟರು ಹೇಳ್ತಾರ,” ಎಂದಳು ಅವ್ವ.

ಪಡಸಾಲೆಯ ಗೋಡೆಯ ಬದಿಗೆ ಮಣೆ ಹಾಕಿತ್ತು. ಅದರ ಮುಂದೆ ನಾನು ಹಿಂದೆಂದೂ ಕಾಣದ ಒಂದು ಹೊಸ ತಾಟು, ಒಂದು ಹೊಸ ತಂಬಿಗೆ. ಕೂತೆ. ಅವ್ವ ರೊಟ್ಟಿ ತಂದಳು, ಎಣ್ಣೆಗಾಯಿ ತಂದಳು, ಗಟ್ಟಿ ಮೊಸರು ತಂದಳು. ಎಲ್ಲ ನನಗೆ ಇಷ್ಟವಾದವೇ. ಕೆಂಪಮ್ಮ ನನ್ನನ್ನು ಕೇಳಿದ ಹಾಗೆ ನಾನೂ ಅವ್ವನನ್ನು ಕೇಳಬಹುದಿತ್ತು. ಗಂಟಲವರೆಗೆ ಬಂದ ಮಾತು ಬೇರೆಯಾಗಿ ಹೊರಬಿತ್ತು.

“ಅವ್ವಾ, ಕಾಮಣಿ ಹೋಗಿ ವರ್ಷದ ಮ್ಯಾಲಾತು. ನನ್ನ ಹೊಟ್ಟಿ ಈಗ ಆರಾಮ ಅದ.”

“ಗೊತ್ತದ,” ಎಂದಳು ಅವ್ವ, ನನ್ನ ಮುಖ ನೋಡದೆ. ಇನ್ನೊಂದು ಬಿಸಿ ರೊಟ್ಟಿಯನ್ನು, ಕೈ ತಾಟಿಗೆ ತಾಗದಂತೆ, ಮೇಲಿನಿಂದ ಹಾಕಿದಳು.