ಕುಂಬಳದ ಹೂವಿಗೆ ಕುಂಚಿಗೆ

ಕುಂಬಳಕಾಯಿ ಬೀಜ ಯಾವಾಗ ಹಾಕಬೇಕು ಅಜ್ಜಿ ಎಂದು ನೀವು ಫೋನಿನಲ್ಲಿ ಕೇಳಿದಾಗ ನನಗೆ ಹೇಳಲು ಆಗಲಿಲ್ಲ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಎದುರಿಗೆ ಕೂತರೂ ಅಷ್ಟಕ್ಕಷ್ಟೆ. ಬರೆದರೆ ಬರುತ್ತದೆ. ಆದರೆ ಬೀಜದ ಮಾತು ಬರೆಯಲು ಕೂತರೆ ನನ್ನ ನೆಗೆಣ್ಣಿಯ ಮಾತೂ ಬರುತ್ತದೆ. ನೆಗೆಣ್ಣಿ ಅಂದರೆ ನಿಮ್ಮಜ್ಜನ ಅಣ್ಣನ ಹೆಂಡತಿ.

ಎಪ್ಪತ್ತರ ದಶಕದ ನಡುವೆ ನಾನು ಮಮದಾಪುರದಿಂದ ಟಿಕೋಟಾಕ್ಕೆ ಸೊಸೆಯಾಗಿ ಬಂದೆ. ಆಕೆ ಬಬಲೇಶ್ವರದವಳು, ನನಗಿಂತ ಮೊದಲೇ ಬಂದು ಮನೆಯಲ್ಲಿ ಬೇರು ಬಿಟ್ಟಿದ್ದಳು. ಹಿತ್ತಲಿನಲ್ಲಿ ತಿಪ್ಪೆಯ ಪಕ್ಕದ ಜಾಗ ಆಕೆಯದು. ಅಲ್ಲಿ ಆಕೆ ಬೀಜ ಚೆಲ್ಲಿದರೂ ಸಾಕು, ಬಳ್ಳಿ ಗೋಡೆ ಹತ್ತಿ ದನದ ಕೊಟ್ಟಿಗೆಯ ಮೇಲೆ ಹೋಗಿ ಕೂಡುತ್ತಿತ್ತು.

ಮೊದಲ ದೀಪಾವಳಿಗೆ ನಮ್ಮಣ್ಣ ನನ್ನನ್ನು ಕರೆಯಲು ಬಂದಾಗ ನಮ್ಮತ್ತೆ ಆ ಬಳ್ಳಿಯ ಒಂದು ದೊಡ್ಡ ಕಾಯಿಯನ್ನು ನನ್ನ ಬುಟ್ಟಿಯಲ್ಲಿಟ್ಟರು. ತವರಿನಲ್ಲಿ ನಮ್ಮವ್ವ ಅದನ್ನು ಅಂಗೈಯಿಂದ ತಟ್ಟಿ ನೋಡಿ, ಓಣಿಯ ಹೆಂಗಸರನ್ನೆಲ್ಲ ಕರೆದಳು.

"ಯಾರ ಬೆಳಿಸ್ಯಾರ ಇದನ್ನ?"

"ನಮ್ಮ ಅಕ್ಕಾರು," ಅಂದೆ.

"ಭಾಳ ಛಲೋ ಕೈ ಐತಿ ಬಿಡು ಆಕಿದು. ಮತ್ತ ನೀ ಏನ ಮಾಡ್ತೀ ಅಲ್ಲೆ?"

ಎಲ್ಲರೂ ನಕ್ಕರು. ಅಂದು ಬೆಲ್ಲ ಬೆರೆಸಿ ಕರಿದ ಕುಂಬಳಕಾಯಿ ಗಾರಿಗೆಯಲ್ಲಿ ನಾನು ಒಂದನ್ನೂ ತಿನ್ನಲಿಲ್ಲ. ಮುಂದಿನ ದೀಪಾವಳಿಗೆ ನನ್ನ ಬುಟ್ಟಿಯಲ್ಲಿ ನನ್ನ ಬಳ್ಳಿಯ ಕಾಯಿಯೇ ಇರಬೇಕು. ನನಗೆ ಆ ವರ್ಷ ಬೇರೆ ಯಾವ ಆಸೆಯೂ ಇರಲಿಲ್ಲ.

ಇನ್ನು ನೀವು ಕೇಳಿದ್ದು. ನಮ್ಮ ಕಡೆ ಮಿರಗದ ಮಳೆ, ಅಂದರೆ ಜೂನಿನ ಮೊದಲ ಮಳೆ, ಒಂದೆರಡು ಚೆನ್ನಾಗಿ ಬಿದ್ದು ನೆಲದ ಕಾವು ಇಳಿದ ಮೇಲೆ ಬೀಜ ಹಾಕುತ್ತೇವೆ. ಮೊದಲ ಹನಿಗೇ ಅವಸರ ಮಾಡಿದರೆ ಕಾದ ನೆಲ ಬೀಜವನ್ನು ಬೇಯಿಸುತ್ತದೆ. ನೀವಿರುವ ಊರು ತಂಪಾದರೆ, ಚಳಿ ಪೂರಾ ಹೋಗಿ, ರಾತ್ರಿ ಮಲಗುವಾಗ ಕೌದಿ ಬೇಡವೆನಿಸಿದ ಮೇಲೆ ಹಾಕಿರಿ. ಮೊಳಕಾಲು ಆಳದ ಗುಂಡಿ ತೋಡಿ, ಕಳಿತ ಗೊಬ್ಬರ, ಒಲೆಯ ಬೂದಿ, ಅದೇ ಮಣ್ಣು ಕಲಸಿ ತುಂಬಬೇಕು. ಹಸಿ ಸೆಗಣಿ ಹಾಕಬಾರದು, ಬೇರು ಸುಡುತ್ತದೆ. ನಮ್ಮದು ಎರೆಮಣ್ಣು, ನೀರು ನಿಂತರೆ ಬೀಜ ಕೊಳೆಯುತ್ತದೆ, ಅದಕ್ಕೇ ಮಣ್ಣನ್ನು ಸ್ವಲ್ಪ ದಿಬ್ಬ ಮಾಡುತ್ತಿದ್ದೆವು. ಬೀಜವನ್ನು ರಾತ್ರಿ ನೆನೆಹಾಕಿ, ಒಂದು ಗುಂಡಿಗೆ ಮೂರು ನಾಲ್ಕು ಊರಿರಿ, ಬೆರಳಿನ ಎರಡು ಗೆಣ್ಣಿನಷ್ಟು ಆಳ ಸಾಕು. ಎದ್ದ ಸಸಿಗಳಲ್ಲಿ ಗಟ್ಟಿಯಾದ ಎರಡನ್ನು ಉಳಿಸಿ. ಉಳಿದದ್ದನ್ನು ಕೀಳಲು ಕರುಳು ಚುರ್ ಅನ್ನುತ್ತದೆ, ಆದರೂ ಕೀಳಬೇಕು.

ಇದನ್ನೆಲ್ಲ ನಾನು ಸರಿಯಾಗಿಯೇ ಮಾಡಿದೆ. ತಿಪ್ಪೆಯ ಜಾಗ ಸಿಗಲಿಲ್ಲ, ಬಚ್ಚಲ ನೀರು ಹೋಗುವ ಕಡೆ ಸಿಕ್ಕಿತು. ಬಳ್ಳಿ ಹಬ್ಬಿತು. ಮೊದಲು ಉದ್ದ ದಂಟಿನ ಗಂಡು ಹೂ ಬಂದವು. ಆಮೇಲೆ ಕೆಳಗೆ ಪುಟ್ಟ ಗುಂಡಗಿನ ಹೀಚು ಇರುವ ಹೆಣ್ಣು ಹೂ ಬಂದವು.

ಆದರೆ ನನ್ನ ಕಣ್ಣು ನನ್ನ ಬಳ್ಳಿಯ ಮೇಲೆ ಇರುತ್ತಿರಲಿಲ್ಲ, ಆಕೆಯದರ ಮೇಲೆ ಇರುತ್ತಿತ್ತು. ಆಕೆಯ ಎಲೆ ನನ್ನದಕ್ಕಿಂತ ಅಗಲ ಕಾಣುತ್ತಿತ್ತು. ಮಳೆಯೂ ಆಕೆಯ ಕಡೆಯೇ ಹೆಚ್ಚು ಬಿತ್ತೇನೋ ಅನಿಸುತ್ತಿತ್ತು. ಒಂದು ಮುಂಜಾನೆ ಆಕೆಯ ಬಳ್ಳಿಯ ಒಂದು ಹೀಚನ್ನು ಬಹಳ ಹೊತ್ತು ನೋಡುತ್ತ ನಿಂತೆ. ಎರಡು ದಿನಕ್ಕೆ ಅದು ಹಳದಿಯಾಗಿ ಉದುರಿತು. ಎಳೆಗಾಯಿಗೆ ಬೆರಳು ಮಾಡಿದರೂ ಕೊಳೆಯುತ್ತದೆ ಎನ್ನುವ ಕಾಲ ಅದು. ಮೊದಲು ನನಗೆ ಖುಷಿಯಾಯಿತು. ಆಮೇಲೆ ಹೆದರಿಕೆಯಾಯಿತು. ನನ್ನ ಕಣ್ಣಿಗೇ ಇಷ್ಟು ಬಲ ಇದ್ದರೆ, ಆಕೆಯ ಕಣ್ಣಿಗೆ ಎಷ್ಟು ಇರಬೇಡ?

ನಿಮ್ಮಜ್ಜ ಆಗ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಒಬ್ಬ ದರ್ಜಿಯ ಅಂಗಡಿಯಲ್ಲಿ ಹೊಲಿಯುತ್ತಿದ್ದರು. ವಾರಕ್ಕೊಮ್ಮೆ ಬರುವಾಗ ಕೌದಿಗೆಂದು ಚಿಂದಿ ಬಟ್ಟೆ ತರುತ್ತಿದ್ದರು. ನಾನು ಆ ಚಿಂದಿಯಿಂದ ಸಣ್ಣ ಸಣ್ಣ ಚೀಲ ಹೊಲಿದೆ. ಹೆಣ್ಣು ಹೂವಿನ ಮೊಗ್ಗು ಕಂಡ ಕೂಡಲೇ ಅದಕ್ಕೆ ಹೀಚಿನ ಸಮೇತ ಚೀಲ ತೊಡಿಸಿ ದಾರ ಕಟ್ಟುತ್ತಿದ್ದೆ. ಇನ್ನು ಯಾರ ದೃಷ್ಟಿಯೂ ತಾಗಲಾರದು.

ಹೀಚುಗಳು ಚೀಲದೊಳಗೇ ಒಂದೊಂದಾಗಿ ಬಾಡಿದವು. ಬಾಡಿದಷ್ಟೂ ನಾನು ಬಿಗಿಯಾಗಿ ಕಟ್ಟಿದೆ.

ನೆಗೆಣ್ಣಿ ಒಂದು ದಿನ ನೀರು ಚೆಲ್ಲಲು ಬಂದವಳು ಎಲೆ ಸರಿಸಿ ನೋಡಿಬಿಟ್ಟಳು.

"ಏ ತಂಗಿ, ಏನಿದು? ಕೂಸಿನ ತಲಿಗಿ ಹೊಲದಂಗ ಹೂವಿಗೆ ಕುಂಚಿಗಿ ಹೊಲದೀಯೇನ? ಥಂಡಿ ಹತ್ತತೈತೇನ ಅವಕ್ಕ?"

ಒಳಗೆ ಜೋಳ ಬೀಸುತ್ತಿದ್ದ ನಮ್ಮತ್ತೆ ಕೂಗಿದರು: "ಕುಂಚಿಗಿ ಆತಂದ್ರ ತೊಟ್ಟಿಲಾ ಯಾವಾಗ ಬೇ? ಹೆಸರ ನಾ ಇಡ್ತೀನಿ!"

ಆಕೆ ನಗುತ್ತಲೇ ಕುಕ್ಕರಗಾಲಲ್ಲಿ ಕೂತು ಒಂದು ದಾರ ಬಿಚ್ಚಿದಳು. ಹಳದಿ ಹೀಚು ಕಳಚಿ ಕೈಗೆ ಬಂತು. "ಹಿಂಗ ಬಾಯಿ ಕಟ್ಟಿದ್ರ ಜೇನಹುಳಾ ಎಲ್ಲಿಂದ ಹೋಗಬೇಕ, ಹುಚ್ಚಿ? ಗಂಡ ಹೂವಿನ ಪುಡಿ ಅದರ ಕಾಲಿಗಿ ಹತ್ತಿ ಇದಕ ಬಂದ್ರನ ಕಾಯಿ ನಿಲ್ಲತೈತಿ. ಯಾರ ಕಣ್ಣ ಬೀಳತೈತಂತ ಕಟ್ಟಿದಿ?"

ನಾನು ನೆಲ ನೋಡಿದೆ. ಆಕೆಯ ನಗು ನಿಂತಿತು.

"ನಂದ?" ಅಂದಳು.

ನಾನು ಇಲ್ಲ ಅನ್ನಲಿಲ್ಲ. ಆಕೆ ಕೊಡ ಎತ್ತಿಕೊಂಡು ಒಳಗೆ ಹೋದಳು. ಅತ್ತೆಗೆ ಹೇಳಲಿಲ್ಲ, ನಿಮ್ಮಜ್ಜನಿಗೆ ಹೇಳಲಿಲ್ಲ, ನನ್ನ ಮೇಲೆ ಒಂದು ದಿನ ಮುನಿಸಿಕೊಳ್ಳಲೂ ಇಲ್ಲ. ಜಗಳ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಕಾಯಿ ಅಷ್ಟೇ ಅಲ್ಲ, ಈಕೆಯ ಮನಸ್ಸೂ ನನ್ನದಕ್ಕಿಂತ ದೊಡ್ಡದು ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಚೀಲಗಳನ್ನೆಲ್ಲ ಬಿಚ್ಚಿದೆ. ಹಂಗಾಮು ಅರ್ಧ ಮುಗಿದಿತ್ತು. ತಡವಾಗಿ ಬಂದ ಹೆಣ್ಣು ಹೂಗಳಲ್ಲಿ ಒಂದೇ ಒಂದು ನಿಂತಿತು. ಮಣ್ಣು ತಾಗಿ ಕೊಳೆಯದಿರಲೆಂದು ಅದರ ಕೆಳಗೆ ಕಣಿಕಿ, ಅಂದರೆ ಜೋಳದ ಒಣ ದಂಟು, ಹಾಸಿದೆ. ನೀವೂ ಹಾಗೆ ಏನಾದರೂ ಒಣಗಿದ್ದನ್ನು ಹಾಸಿ. ದೀಪಾವಳಿಗೆ ಅಣ್ಣ ಬಂದಾಗ ಅದು ತಂಬಿಗೆಗಿಂತ ತುಸು ದೊಡ್ಡದಾಗಿತ್ತು. ಸಿಪ್ಪೆಗೆ ಉಗುರು ಊರಿದರೆ ಇಳಿಯಬಾರದು, ಆಗ ಕಾಯಿ ಬಲಿತಂತೆ. ನನ್ನದಕ್ಕೆ ಉಗುರು ಸ್ವಲ್ಪ ಇಳಿಯಿತು. ಆದರೂ ಕೊಯ್ದೆ.

ಬುಟ್ಟಿ ಕಟ್ಟುವಾಗ ನೆಗೆಣ್ಣಿ ತನ್ನ ಬಳ್ಳಿಯ ದೊಡ್ಡ ಕಾಯಿಯೊಂದನ್ನು ಎರಡೂ ಕೈಯಲ್ಲಿ ತಂದಿಟ್ಟಳು. "ಇದನ್ನೂ ಒಯ್ಯಿ. ಅದೊಂದನ್ನ ಒಯ್ದರ ನಿಮ್ಮವ್ವ ನಗ್ತಾಳ."

"ನಗಲಿ ಬಿಡ್ರಿ ಅಕ್ಕಾ," ಅಂದು ಅದನ್ನು ತೆಗೆದು ಕಟ್ಟೆಯ ಮೇಲಿಟ್ಟೆ. ಆ ಮನೆಯಲ್ಲಿ ನಾನು ಬೇಡ ಅಂದದ್ದು ಅದೇ ಮೊದಲು.

ವಿಜಾಪುರದಲ್ಲಿ ಬಸ್ಸು ಬದಲಿಸಿ, ಬಬಲೇಶ್ವರದಿಂದ ಜೀಪು ಹಿಡಿದು ಮಮದಾಪುರ ಮುಟ್ಟುವವರೆಗೂ ಕಾಯಿ ನನ್ನ ತೊಡೆಯ ಮೇಲೇ ಇತ್ತು. ಇಡೀ ಕುಂಬಳವನ್ನು ಹೆಂಗಸರು ಮೊದಲು ಹೆಚ್ಚಬಾರದೆಂಬ ರೂಢಿಗೆ ಅಣ್ಣನೇ ಕುಡಗೋಲಿನಿಂದ ಒಡೆದ. ಒಳಗೆ ತಿರುಳು ಇನ್ನೂ ಬಿಳಿಚಿಕೊಂಡಿತ್ತು.

ಅವ್ವ ಎರಡು ಹೋಳನ್ನೂ ಒಂದೇ ಕೈಯಲ್ಲಿ ಹಿಡಿದಳು. "ಇಷ್ಟ ಏನ ಬೇ?"

"ಇಷ್ಟ ಐತಿ. ಆದ್ರ ನಂದ ಐತಿ."

ಅವ್ವ ನನ್ನ ಮುಖ ನೋಡಿ, ಹೋಳುಗಳನ್ನು ಒಲೆಯ ಹತ್ತಿರ ಒಯ್ದಳು. ಆ ಹಬ್ಬಕ್ಕೆ ಗಾರಿಗೆ ಆಗಲಿಲ್ಲ, ಶೇಂಗಾ ಪುಡಿ ಹಾಕಿ ಪಲ್ಯ ಮಾಡಿದಳು. ಸಪ್ಪಗಿತ್ತು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.