ಬೇಸಿಗೆಯಲ್ಲಿ ಸಿಕ್ಕ ಸಜ್ಜೆ ರೊಟ್ಟಿ

ನಮ್ಮ ಮೊಮ್ಮಗಳು ಸಿಕ್ಕಳು! ಗಾಯವಿಲ್ಲ, ಜ್ವರವಿಲ್ಲ, ನಗುನಗುತ್ತ ಸಿಕ್ಕಳು. ನಾಲ್ಕು ವರ್ಷದ ಹಿಂದಿನ ಮಾತು, ಆದರೂ ಎದೆ ತುಂಬಿ ಬರುತ್ತದೆ. ಅದಕ್ಕೇ ಮೊದಲು ಹೇಳಿಬಿಟ್ಟೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ದೆವ್ವ, ಪವಾಡ ಯಾವುದನ್ನೂ ನಂಬಿದವನಲ್ಲ. ಈಗ ಏನು ಹೇಳಬೇಕೋ ತಿಳಿಯದು.

ಆ ಸಲ ಎಳ್ಳಮವಾಸ್ಯೆಗೆ ಮಗ ನಮ್ಮನ್ನೆಲ್ಲ ತಾವರಗೇರಾದಿಂದ ಗಂಗಾವತಿ ಕಡೆಯ ಬೆಟ್ಟದೂರಿನ ಒಂದು ರೆಸಾರ್ಟಿಗೆ ಕರೆದೊಯ್ದಿದ್ದ. ಚಳಿಗಾಲ, ಕೆಳಗೆ ಹಸಿರು ಗದ್ದೆ, ಮೇಲೆ ಮಂಜು. ಅಂದು ಹೊಲಕ್ಕೆ ಹೋಗಿ ಭೂಮಿತಾಯಿಗೆ ಅಡುಗೆ ಚೆಲ್ಲುವುದು, ಅಂದರೆ ಚರಗ, ನಮ್ಮ ಪದ್ಧತಿ. ಹೊಲ ದೂರವಾಯಿತೆಂದು ನನ್ನ ಹೆಂಡತಿ ರೆಸಾರ್ಟಿನ ಹಿಂದಿನ ಬಂಡೆಗಳಿಗೇ ಚರಗ ಚೆಲ್ಲಿದಳು. ಮನೆಯಿಂದ ತಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೊಂದನ್ನು ಇಡಿಯಾಗಿ ದೊಡ್ಡ ಗುಂಡುಕಲ್ಲಿನ ಬುಡದಲ್ಲಿಟ್ಟಳು.

“ಕಲ್ಲೇನು ಬೆಳಿ ಕೊಡ್ತೈತೇನ?” ಎಂದು ನಕ್ಕೆ.

“ಉಂಡಾರಿಗೆ ನೆನಪಿರ್ತೈತಿ, ಸುಮ್ನಿರ್ರಿ.”

ಬೇಸಿಗೆ ಸೂಟಿಗೆ ಮತ್ತೆ ಅಲ್ಲಿಗೇ ಹೋದೆವು. ಬಂಡೆಗಳು ಕಾದ ಹಂಚಾಗಿದ್ದವು. ಮಧ್ಯಾಹ್ನ ನನ್ನ ಪಕ್ಕ ಮಲಗಿದ್ದ ಐದು ವರ್ಷದ ಚಿನ್ನಿ ಎದ್ದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಅವಳ ಚಪ್ಪಲಿ ಬಾಗಿಲಲ್ಲೇ ಇದ್ದವು. ಮಗ, ರೆಸಾರ್ಟಿನ ಕೆಲಸದವರು ಎಲ್ಲ ಹುಡುಕಿದರು. ಯಾರೋ “ಗುಡ್ಡದಾಗ ಕರಡಿ ಅದಾವ” ಅಂದರು. ಸೊಸೆ ನನ್ನ ಮುಖ ನೋಡಲಿಲ್ಲ. ನಾನು ಕೂಗುತ್ತ ಬಂಡೆಯಿಂದ ಬಂಡೆಗೆ ಅಲೆದೆ. ಬರಿಗಾಲ ಕೂಸು ಈ ಬಿಸಿಲಲ್ಲಿ ಎಷ್ಟು ಹೊತ್ತು ತಡೆದೀತು? ನನ್ನನ್ನು ಒಯ್ಯಿ, ಅವಳನ್ನು ಬಿಡು ಎಂದು ಬೇಡಿಕೊಂಡೆ. ಯಾರನ್ನು ಬೇಡಿದೆನೋ ಗೊತ್ತಿಲ್ಲ.

ಇಳಿಹೊತ್ತಿಗೆ ಹೆಂಡತಿ ನೆಟ್ಟಗೆ ಆ ಗುಂಡುಕಲ್ಲಿನ ಕಡೆ ನಡೆದಳು. ಅಲ್ಲಿ ಮೂರು ಸಲ ನೋಡಿ ಬಂದಿದ್ದೆವು. ಬುಡದ ನೆರಳಲ್ಲಿ ಚಿನ್ನಿ ಕೂತಿದ್ದಳು. ಅಂಗಾಲು ತಣ್ಣಗಿದ್ದವು. ಕೈಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಇನ್ನೂ ಬಿಸಿ.

“ಯಾರು ಕೊಟ್ರವ್ವಾ?”

“ಇಲ್ಲೇ ಇತ್ತಜ್ಜಾ. ನಿನಗೂ ಬೇಕೇನ?”

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ನಮ್ಮ ಕಡೆ ಚಳಿಗಾಲದಲ್ಲಷ್ಟೇ ಬಡಿಯುತ್ತಾರೆ. ರೆಸಾರ್ಟಿನ ಅಡುಗೆಯವಳು, “ಸಜ್ಜಿ ಹಿಟ್ಟ ನಮ್ಮಲ್ಲಿ ಇಲ್ಲೇ ಇಲ್ರೀ ಯಜಮಾನ್ರ” ಎಂದಳು. ಆ ಬೆಟ್ಟದೂರಲ್ಲೂ ಕೇಳಿದೆ. ಯಾರೂ ಬಡಿದಿರಲಿಲ್ಲ. ಇವತ್ತಿಗೂ ಅದು ಎಲ್ಲಿಂದ ಬಂತೋ ನನಗೆ ತಿಳಿದಿಲ್ಲ.

ಆ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಹೆಂಡತಿ ಆ ರೊಟ್ಟಿ ಮುರಿದು ಎಲ್ಲರ ತಾಟಿಗೂ ಒಂದೊಂದು ಚೂರು ಇಟ್ಟಳು. ನಾನು ಮುಟ್ಟದೆ ಕೂತಿದ್ದೆ. ಸೊಸೆ ತನ್ನ ಚೂರನ್ನೂ ನನ್ನ ತಾಟಿಗೆ ಹಾಕಿ, “ಉಣ್ರಿ ಮಾವಾರ” ಎಂದಳು.

ಉಂಡೆ. ಎಳ್ಳು ಹಲ್ಲಿಗೆ ಸಿಕ್ಕಿತು.