ಹಾಜರಿ ಎರಡು

ಹಲಸೂರಿನ ಹಳೇ ಸಭಾಭವನ ಕೆಡವುವ ಮುಂಚೆ ಅದರ ಚರಿತ್ರೆ ಬರೆದುಕೊಡುವ ಕೆಲಸ ನನಗೆ ಸಿಕ್ಕಿತ್ತು.

"ಒಬ್ರಿಗೇ ಬಾಗಿಲಾ ತಗಿಯಂಗಿಲ್ರೀ, ಸಭಾ ಇದ್ರ ಮಾತ್ರ," ಅಂದರು ರಾಯಚೂರು ಕಡೆಯ ವಾಚ್‌ಮನ್.

"ಇಲ್ಲಿ ಸಭೆ ನಡೆದು ಎಷ್ಟು ವರ್ಷ ಆಯ್ತು ರೀ?" ಎಂದು ರೇಗಿದೆ.

ಅವರು ಯೋಚಿಸಿದರು. "ನಾನೂ ಕುಂತ್ರ ಇಬ್ರಾಗ್ತೀವಿ." ರಿಜಿಸ್ಟರಿನಲ್ಲಿ 'ಸಭೆ, ಹಾಜರಿ ಎರಡು' ಎಂದು ಬರೆದು ಬೀಗ ತೆಗೆದರು.

ಅಷ್ಟು ಖಾಲಿ ಕುರ್ಚಿಗಳಿದ್ದರೂ ಅವರು ಹೋಗಿ ಕೂತಿದ್ದು ಕೊನೇ ಸಾಲಿನಲ್ಲಿ. "ಮುಂದಿನ್ವು ದೊಡ್ಡ ಮಂದಿಗ್ರೀ."

ಇಲ್ಲಿ ಕುಸ್ತಿ ನಡೀತಿತ್ತು, ಇಲ್ಲಿ ಮುಷ್ಕರದವರು ಸೇರ್ತಿದ್ರು ಎಂದು ನಾನು ವೇದಿಕೆಯಿಂದ ಕೂಗಿ ಹೇಳಿದೆ. ಅವರು ಅಲ್ಲಿಂದಲೇ ತಲೆದೂಗಿದರು.

ಬೀಗ ಹಾಕುತ್ತಾ ಕೇಳಿದರು: "ನಾಳಿನೂ ಸಭಾ ಅದ ಏನ್ರೀ?"

ಕೆಲಸವೇನೋ ಮುಗಿದಿತ್ತು. ಆದರೆ ನನ್ನ ರೂಮಿನಲ್ಲಿ ಹಾಜರಿ ಯಾವತ್ತೂ ಒಂದೇ.

"ಇದೆ," ಅಂದೆ. "ಇವತ್ತಿನದನ್ನ ನಾಳೆಗೆ ಮುಂದೂಡಿದೀವಿ."